ಊರಿನ ಕಾಲಂ

ಸರಗೂರು
ಜೂನ್ ೨೦೦೩

ಕಂಪ್ಯೂಟರ್ ಉಮಾಶಂಕರ ಅವರಿಗೆ,

ಆಸ್ಪತ್ರೆ ಎದುರಿನ ಟೈಲರ್ ಬಸವರಾಜು ಬರೆಯುವುದು. ರಕ್ತ ಕೊಡುವವರನ್ನು ಹುಡುಕಲು ನೀವು ಮಾಡಿಕೊಟ್ಟ ಪ್ರೋಗ್ರಾಮಿನಲ್ಲಿ ನನ್ನ ಹೆಸರೂ ಇದೆ. ಸೋಮವಾರ ಹೆರಿಗೆಯಾದ ಸುನಂದಮ್ಮನಿಗೆ ನನ್ನ ಗುಂಪಿನ ರಕ್ತವೇ ಬೇಕಿತ್ತು. "ಯಾರ ಎಸ್ರೂ ಬರ್ನಿಲ್ಲ ಕಣಣ್ಣ, ಸ್ಕ್ರೀನೇ ಖಾಲಿ" ಎಂದು ಆಮೇಲೆ ಹೇಳಿದಳು ಆಸ್ಪತ್ರೆ ಕೌಂಟರಿನ ಪವಿತ್ರ. ಊರಿನ ಕಾಲಂನಲ್ಲಿ ಹಿಂದಿನ ರೋಗಿಗಾಗಿ ತುಂಬಿದ್ದ ಬೇರೆ ಊರಿನ ಹೆಸರು ಹಾಗೇ ಉಳಿದು, ಕಂಪ್ಯೂಟರ್ ಆ ಊರಿನವರನ್ನಷ್ಟೇ ಹುಡುಕಿತ್ತು. ರಕ್ತಕ್ಕಾಗಿ ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲೇ ಸುನಂದಮ್ಮ ತೀರಿಕೊಂಡರು. ಅವರ ಜೀಪು ಹೋಗಲೆಂದು ಅಂಗಡಿ ಮುಂದಿನ ಸೈಕಲ್ ಸರಿಸಿಕೊಟ್ಟವನು ನಾನೇ.

ಪವಿತ್ರಳ ಮೇಲೆ ದೂರು ಹೇಳಬೇಡಿ. ಪ್ರತಿ ಸಲ ಹುಡುಕಿದ ಮೇಲೆ ಊರಿನ ಕಾಲಂ ತಾನಾಗಿಯೇ ಖಾಲಿಯಾಗುವಂತೆ ಮಾಡಿಕೊಡಿ.

ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಸುನಂದಮ್ಮ ಮೊದಲೇ ಕೊಟ್ಟಿದ್ದ ರವಿಕೆ ಹೊಲಿದಾಗಿದೆ. ಗಂಡ ಕೇಳಿಕೊಂಡು ಬಂದಿಲ್ಲ. ನಾನಾಗಿಯೇ ಹೋಗಿ ಕೊಡಲು ಕಾಲು ಬರುತ್ತಿಲ್ಲ.

ಎದುರು ಅಂಗಡಿಯ
ಬಸವರಾಜು