ತಲೆ ಆಡಿಸಿ ಅಳೆದ ದೂರ

ಅಮ್ಮಾ,

ನೀನು ಹೋದ ಮೇಲೆ ನಾನು ಅಳೆದ ಮೊದಲ ದೂರ ಇವತ್ತು ಕೈಗೆ ಬಂತು. ನಕ್ಷತ್ರಗಳು ಹುಟ್ಟುತ್ತಿರುವ ಒಂದು ಮೋಡದ ದೂರ. ಅದರೊಳಗಿನ ನೀರಾವಿ ರೇಡಿಯೋ ದೂರದರ್ಶಕಕ್ಕೆ ಮೇಸರ್ ಎಂಬ ಹೊಳೆಯುವ ಚುಕ್ಕೆಗಳಾಗಿ ಕಾಣುತ್ತದೆ. ಭೂಮಿ ಸೂರ್ಯನ ಈಚೆಗಿದ್ದಾಗ ಒಮ್ಮೆ, ಆಚೆಗೆ ಹೋದಾಗ ಇನ್ನೊಮ್ಮೆ ನೋಡಿದರೆ ಚುಕ್ಕೆ ಒಂಚೂರು ಸರಿದಿರುತ್ತದೆ. ಎಷ್ಟು ಸರಿಯಿತೋ, ಅದರಿಂದ ದೂರ ತಿಳಿಯುತ್ತದೆ.

"ಅಷ್ಟು ದೂರದ್ದು ಹೇಗೆ ಗೊತ್ತಾಗತ್ತೆ?" ಎಂದು ನಮ್ಮ ಕಚೇರಿಯ ಹೊಸ ಲೆಕ್ಕಿಗರು ಕೇಳಿದರು.

"ಒಂದೇ ಕಣ್ಣಿರೋರು ಏನ್ಮಾಡ್ತಾರೆ? ತಲೆ ಆಕಡೆ ಈಕಡೆ ಆಡಿಸಿ ನೋಡ್ತಾರೆ. ಅಷ್ಟೇ."

"ನಿಮಗ್ಯಾರು ಹೇಳಿದ್ದು?"

ಎಲ್ಲೋ ಓದಿದ್ದು ಎಂದುಬಿಟ್ಟೆ.

ಒಂದು ಕಣ್ಣು ಹೋದ ಮೇಲೆ ಚಹಾ ಬಗ್ಗಿಸುವ ಮುಂಚೆ ನೀನು ಹಾಗೇ ಮಾಡುತ್ತಿದ್ದೆ. ನನ್ನ ಗೆಳತಿಯರು ಮನೆಗೆ ಬರತೊಡಗಿದ ಮೇಲೆ, "ನೀನೇ ಬಗ್ಗಿಸು ಪುಟ್ಟಿ, ನಂಗೆ ಒಳಗೆ ಕೆಲಸ ಇದೆ" ಎಂದು ಕೆಟಲನ್ನು ನನ್ನ ಕೈಗಿಟ್ಟು ಹೋಗಿಬಿಡುತ್ತಿದ್ದೆ. ಒಳಗೆ ಅದೇನು ಕೆಲಸ ಎಂದು ನಾನು ಕೇಳಲಿಲ್ಲ.

ಇವತ್ತು ಎಲ್ಲರೂ ಹೊರಟ ಮೇಲೆ ಒಂದು ಕಣ್ಣು ಮುಚ್ಚಿ ಚಹಾ ಬಗ್ಗಿಸಿದೆ. ಮೇಜಿನ ಮೇಲೆಲ್ಲ ಚೆಲ್ಲಿತು. ಆಮೇಲೆ ನಿನ್ನ ಹಾಗೆ ತಲೆ ಆಡಿಸಿದೆ. ಲೋಟ ತನ್ನ ಜಾಗಕ್ಕೆ ಬಂದು ನಿಂತಿತು.

ಈ ಕೋಣೆಯಲ್ಲಿ ನೋಡುವವರು ಯಾರೂ ಇಲ್ಲಮ್ಮ. ನೀನೇ ಬಗ್ಗಿಸಬಹುದಿತ್ತು.