ಭಾವನ ಸಗಣಿ ಗುಂಡಿ, ಅಕ್ಕನ ಬಾಣಂತನ

೧೪-೪-೯೬, ಭಾನುವಾರ

ಕ್ಷಮಿಸಬೇಕು. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ. ಬಹುಶಃ ಫಿಸಿಕ್ಸ್ ಪುಸ್ತಕವನ್ನು. ಈ ಹೊತ್ತಿಗೆ ಅದನ್ನು ಓದಬೇಕಿತ್ತು. ಬರೆಯುವಷ್ಟು ಕನ್ನಡವೂ ನನಗಿಲ್ಲ. ಐದನೇ ಕ್ಲಾಸಿನಿಂದ ಕಾನ್ವೆಂಟ್ ಹಾಸ್ಟೆಲ್, ಈಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಹಾಸ್ಟೆಲ್, ಫಸ್ಟ್ ಇಯರ್. ಯೋಚನೆ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ಭಯ ಮಾತ್ರ ಪೂರ್ತಿ ಕನ್ನಡದಲ್ಲಿ.

ಸ್ಟಡಿ ಹಾಲಿಡೇಸ್. ಚಿನಕುರಳಿಗೆ ಬಂದು ಒಂದು ವಾರ. ಮನೆಯೆಲ್ಲ ಬೆಳ್ಳುಳ್ಳಿ, ಸಾಂಬ್ರಾಣಿ, ಹರಳೆಣ್ಣೆ. ಲತಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಗಂಡು ಮಗು, ತಿಂಗಳು ತುಂಬಿತು. ಇನ್ನೂ ಹೆಸರಿಟ್ಟಿಲ್ಲ. ಸದ್ಯಕ್ಕೆ ಚಿನ್ನು.

ಭಾವ ಈಗಲೂ ಹಿತ್ತಲಲ್ಲೇ ಇದ್ದಾರೆ. ಬಾಣಂತನ ಮುಗಿಯುವವರೆಗೆ ಅಳಿಯ ಆಗೊಮ್ಮೆ ಈಗೊಮ್ಮೆ ಬಂದು, ಮಗು ಮುಖ ನೋಡಿ, ಊಟ ಮಾಡಿ ಹೋಗಬೇಕು. ಅದು ರೂಢಿ. ಚಲುವರಾಜು ಭಾವ ಏನು ಮಾಡಿದರು ಅಂದರೆ, ಮಾವನ ಹಿತ್ತಲಲ್ಲಿ ಗೋಬರ್ ಗ್ಯಾಸ್ ಪ್ಲಾಂಟ್ ಕಟ್ಟಿಬಿಟ್ಟರು. ಪಾಂಡವಪುರದಲ್ಲಿ ಸ್ನೇಹಿತನ ರೂಮು, ಬೆಳಿಗ್ಗೆ ಎದ್ದರೆ ಮೊಪೆಡ್ಡಿನಲ್ಲಿ ಇಲ್ಲಿ. ಪ್ಲಾಂಟ್ ನೋಡಬೇಕಲ್ಲ! ನೋಡುವುದು ಮಾತ್ರ ಬಾಣಂತಿ ಕೋಣೆಯ ಕಿಟಕಿಯನ್ನು.

ಪಕ್ಕದ ಮನೆ ಕನಕರಾಜಣ್ಣ ಬೇಲಿ ಆಚೆಯಿಂದ, “ಏನ್ಲಾ ಚಲುವ, ಮನೆ ಅಳಿಯ ಆಗ್ಬುಟ್ಯಲ್ಲ! ಸಗಣಿ ಗುಂಡಿ ಬರೀ ನೆವ ಕಣ್ಲಾ.”

“ಅವ್ದು ಕಣ್ಲಾ. ನಿಂಗ್ಯಾಕೆ ಹೊಟ್ಟೆ ಉರಿ? ಇರು, ಅದುಕ್ಕೂ ಒಂದ್ ಪೈಪ್ ಹಾಕ್ತೀನಿ, ನಿಮ್ಮನೆ ಒಲೆ ಪುಕ್ಸಟ್ಟೆ ಉರೀತದೆ.”

ನಗುತ್ತಾರೆ. ಆದರೆ ಒಳಗೆ ಹೆದರಿಕೆ ಇದೆ, ನನಗೆ ಗೊತ್ತಾಗುತ್ತದೆ. ಇಲ್ಲೇ ಕಲ್ಲು ಕ್ರಷರಿನಲ್ಲಿ ಸೂಪರ್‌ವೈಸರ್ ಆಗಿದ್ದವರು. ಅಕ್ಕ ಬಸುರಿ ಅಂತ ತಿಳಿದ ಮೇಲೆ ಬಿಟ್ಟರು. “ಕಲ್ ಧೂಳ್ ಕುಡ್ದ್ ಕುಡ್ದು ಕೆಮ್ಕೊಂಡ್ ಬಂದು ಮಗೀನ ಎಂಗೆ ಎತ್ಕಳ್ಳಿ?” ಗ್ಯಾಸ್ ಪ್ಲಾಂಟ್ ಕಟ್ಟುವ ಟ್ರೈನಿಂಗ್ ತೆಗೆದುಕೊಂಡರು. ಇದು ಅವರ ಮೊದಲನೆಯದು. ಮೇ ಹತ್ತಕ್ಕೆ ಸರ್ಕಾರದ ಗೋಬರ್ ಗ್ಯಾಸ್ ಸ್ಕೀಮಿನ ಸಾಹೇಬರು ಬಂದು ನೋಡುತ್ತಾರೆ. ಒಲೆ ಉರಿದರೆ ಭಾವನ ಹೆಸರು ಪ್ಲಾಂಟ್ ಕಟ್ಟುವವರ ಪ್ಯಾನೆಲ್ಲಿಗೆ, ಮುಂದೆ ಕೆಲಸ ಮೇಲೆ ಕೆಲಸ. ಉರಿಯದಿದ್ದರೆ ಮತ್ತೆ ಕ್ರಷರ್.

ಓದಬೇಕು. ಓದುತ್ತೇನೆ.

೧೬-೪, ಬೆಳಿಗ್ಗೆ

ಉರಿಯಿತು!! ನೀಲಿ, ಅಷ್ಟೇ ಅಷ್ಟು, ಬೆರಳುಗುರಿನ ಹಾಗೆ. ಆದರೂ ಉರಿ. ಭಾವ ಅಡಿಗೆಮನೆಯಿಂದ ಕಿಟಕಿಗೆ ಓಡಿದರು, ಕಿಟಕಿಯಿಂದ ಅಡಿಗೆಮನೆಗೆ.

ಅಮ್ಮ ಹಾಲಿಡಲು ಹೋದಳು. ದೊಡ್ಡತಾಯಮ್ಮಜ್ಜಿ ಅಡ್ಡ ಬಂದರು.

“ಗೌರಿ, ಆ ಸಗಣಿ ಉರೀಲಿ ನನ್ ಮರಿಮಗೀಗೆ ಒಂದ್ ಲೋಟ ನೀರೂ ಕಾಸ್ಕೂಡ್ದು.”

“ಬೆರಣಿ ಒಲೇಲಿ ಕಾಸ್ತೀರಲ್ಲಜ್ಜಿ, ಬೆರಣಿ ಏನು ಶ್ರೀಗಂಧವಾ?” ಅಂದರು ಭಾವ.

“ಅದು ಒಣಗಿರ್ತದೆ ಕಣಪ್ಪ!”

ಈ ಲಾಜಿಕ್ಕಿಗೆ ನನ್ನ ಕಾಲೇಜಿನಲ್ಲಿ ಉತ್ತರವಿಲ್ಲ.

೧೯-೪

ಚಿನ್ನುವಿನ ಕತ್ತಿನ ಮಡಿಕೆಯಲ್ಲಿ ಕೆಂಪು ಗುಳ್ಳೆ. ನರ್ಸಮ್ಮ ಬಂದು ನೋಡಿ, ಸೆಕೆಗೆ ಆಗಿರೋದು, ಕ್ಲೀನಾಗಿಡಿ ಅಂದರು, ಅಷ್ಟೇ. ಭಾವನಿಗೆ ಅಷ್ಟು ಸಾಕಾಯಿತು. ಪಾಂಡವಪುರಕ್ಕೆ ಹೋಗಿ ಫಿನಾಯಿಲಿನ ದೊಡ್ಡ ಕ್ಯಾನ್ ಹೊತ್ತು ತಂದರು. ಬಚ್ಚಲನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಾವೇ ಉಜ್ಜುತ್ತಾರೆ, ಬಾಗಿಲವರೆಗೂ ಬೆಳ್ಳನೆ ನೀರು. ಅಳಿಯ ಬಚ್ಚಲು ತೊಳೆಯುವುದೇ ಅಂತ ಅಮ್ಮನಿಗೆ ಸಂಕೋಚ. ಅಜ್ಜಿಗೆ ಆ ವಾಸನೆಗೇ ಮೂಗು ಕಟ್ಟಿದೆ.

ಇನ್ನೊಂದು ಕೆಲಸ. ಗುಂಡಿಗೆ ಸಗಣಿ ಎಷ್ಟೋ ನೀರೂ ಅಷ್ಟೇ ಬೇಕು. ಅಮ್ಮ ಬಾವಿಯಿಂದ ಹೊರುತ್ತಿದ್ದಳು. ಭಾವ ಬಚ್ಚಲ ನೀರು ನೇರ ಸಗಣಿ ಕಲಸುವ ತೊಟ್ಟಿಗೆ ಬೀಳುವ ಹಾಗೆ ಪೈಪ್ ಹಾಕಿಕೊಟ್ಟರು. ಬಾಣಂತಿ ಮನೆಯಲ್ಲಿ ಬಚ್ಚಲ ನೀರಿಗೇನು ಬರ. ಅಮ್ಮ ಖುಷಿ. “ಇಂಥಾ ಅಳಿಯನ್ನ ಎಲ್ಲೂ ಕಾಣೆ.” ಕಿಟಕಿಯೊಳಗೆ ಅಕ್ಕ ಕೇಳಿಸದ ಹಾಗೆ ಮುಖ ಮಾಡಿಕೊಂಡಳು. ಕಿವಿಯಲ್ಲಿ ಹತ್ತಿ ಇದೆ ನಿಜ, ಆದರೆ ಕೇಳಿಸಿತ್ತು.

ಇವರನ್ನು ನೋಡಿದರೆ ಪರೀಕ್ಷೆಯ ಭಯ ಸ್ವಲ್ಪ ಕಡಿಮೆಯಾಗುತ್ತದೆ. ಯಾಕೋ.

೨೭-೪

ಎಂಟು ದಿನ ಬರೆದಿಲ್ಲ. ಗ್ಯಾಸ್ ಇಲ್ಲ.

ಮೊದಲು ಉರಿ ಚಿಕ್ಕದಾಯಿತು. ಆಮೇಲೆ ಪುಸ್ ಅಂತ ಬರೀ ಗಾಳಿ. ಈಗ ಅದೂ ಇಲ್ಲ. ಭಾವ ಜಾಯಿಂಟ್ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ನೋಡಿದರು. ಲೀಕ್ ಇಲ್ಲ. ಗುಂಡಿ ಮೇಲಿನ ಗುಮ್ಮಟ ಬಿರುಕು ಬಿಟ್ಟಿಲ್ಲ. ಸಗಣಿ ಜಾಸ್ತಿ ಹಾಕಿ ನೋಡಿದರು. ಕಿಟಕಿ ಹತ್ತಿರ ಹೋಗುವುದನ್ನೂ ಬಿಟ್ಟಿದ್ದಾರೆ. ಚಿನ್ನು ಅತ್ತರೆ ಅಲ್ಲಿಂದಲೇ ತಲೆ ಎತ್ತಿ ನೋಡಿ ಮತ್ತೆ ಬಗ್ಗುತ್ತಾರೆ.

ನನ್ನ ಥಿಯರಿ: ನಾನು ಬಂದಿದ್ದಕ್ಕೇ ಹೀಗಾಯಿತು. ಸ್ಟುಪಿಡ್, ಗೊತ್ತು.

೨೮-೪, ಸಂಜೆ

ಕ್ರಷರ್ ಓನರ್ ಆಳು ಕಳಿಸಿದ್ದರು. ಜಾಗ ಇನ್ನೂ ಖಾಲಿ ಇದೆ, ಮೇ ಹದಿನೈದರೊಳಗೆ ಬಂದರೆ ಸರಿ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ.

ಅಪ್ಪ ಜಗಲಿಯ ಮೇಲೆ ಕೂತು, ಭಾವನ ಕಡೆ ನೋಡದೆ ಅಂದರು: “ಕೂಸಿರೋ ಮನುಷ್ಯ. ತಿಂಗ್ಳಾದ್ರೆ ಕೈಗೆ ಸಂಬ್ಳ ಬರೋ ಕೆಲ್ಸ ಬುಟ್ಟು ಗುಂಡಿ ಮುಂದೆ ಕೂತವ್ನೆ.”

“ಕೂಸಿಗೋಸ್ಕರವೇ ಬುಟ್ಟಿದ್ದು ಮಾವ.”

“ಕೂಸಿಗೆ ಗೊತ್ತಾ ಅದು?”

ಭಾವ ಚಪ್ಪಲಿ ಮೆಟ್ಟಿಕೊಂಡರು. ಊಟಕ್ಕೂ ನಿಲ್ಲಲಿಲ್ಲ. ಮೊಪೆಡ್ ಸ್ಟಾರ್ಟ್ ಆಗದೆ ತಳ್ಳಿಕೊಂಡೇ ಹೋದರು. ಅಕ್ಕ ಗೋಡೆಗೆ ತಿರುಗಿ ಮಲಗಿದಳು.

೩೦-೪

ಅಕ್ಕ ಕೋಣೆಯಿಂದ ಹೊರಗೆ ಬಂದಳು! ಅಜ್ಜಿ ಸಾಮಾನಿಗೆ ಅಂಗಡಿಗೆ ಹೋಗಿದ್ದರು. ತಲೆಗೆ ಮಫ್ಲರ್, ಕಿವಿಗೆ ಹತ್ತಿ, ಕಾಲಿಗೆ ಅಪ್ಪನ ಸಾಕ್ಸ್. ಚಿನ್ನುವನ್ನು ನನ್ನ ಕೈಗೆ ಕೊಟ್ಟು, ಸೀದಾ ಹಿತ್ತಲಿಗೆ.

“ಗಾಳಿ ತಗಲ್ತದೆ, ಒಳಗೋಗು,” ಭಾವ ಗಾಬರಿ.

ಅವಳು ಸಗಣಿ ತೊಟ್ಟಿಯ ಮೇಲೆ ಬಗ್ಗಿದಳು. ಮೂಸಿದಳು. ಇನ್ನೊಂದು ಸಲ.

“ರೀ. ಇದು ಸಗಣಿ ವಾಸ್ನೆ ಅಲ್ಲ. ನಮ್ ಬಚ್ಚಲು ವಾಸ್ನೆ.”

“ಬಚ್ಚಲ ನೀರು ತಾನೆ ಬರೋದು...”

“ಫಿನಾಯಿಲ್ಲು. ಗುಂಡಿಲಿ ಕಣ್ಣಿಗೆ ಕಾಣದ ಹುಳ ಇರ್ತವೆ, ಅವು ಸಗಣಿ ತಿಂದ್ರೇನೇ ಗ್ಯಾಸು ಅಂತ ಮದ್ವೆ ಆದಾಗಿಂದ ಹೇಳ್ತಾ ಇದೀರ. ಎರಡೊತ್ತೂ ಅವುಕ್ಕೇ ವಿಷ ಉಯ್ತಾ ಇದೀರಲ್ರೀ!”

ಭಾವ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಮುಖ ಮುಚ್ಚಿಕೊಂಡರು. “ಮಗೀಗೇನೂ ತಗಲ್ದಿರ್ಲಿ ಅಂತ ಕಣೆ...”

“ಗೊತ್ತು ಬುಡಿ. ಮಗೀಗೇನೂ ಆಗ್ಲಿಲ್ಲ. ಗುಂಡಿಗೆ ಜ್ವರ ಬಂತು.”

ಅವಳೇ ಮೊದಲು ನಕ್ಕಿದ್ದು. ಆಮೇಲೆ ಭಾವ. ಅಷ್ಟರಲ್ಲಿ ಅಜ್ಜಿ ಬಂದರು, ಬೈಗುಳ ಬೀದಿಗೆ ಕೇಳಿಸಿತು. ಬಾಣಂತಿಗೂ ಬೈಗುಳ, ಅಳಿಯನಿಗೂ. ಸುಮ್ಮನೆ ಮಗು ಹಿಡಿದು ನಿಂತಿದ್ದ ನನಗೂ.

೨-೫

ಪೈಪ್ ಕಿತ್ತಾಯಿತು. ಗುಂಡಿ ಅರ್ಧ ಖಾಲಿ ಮಾಡಿಸಿದರು. ಹೊಸ ಸಗಣಿ ಮಾತ್ರ ತುಂಬಿದರೆ ಮತ್ತೆ ಗ್ಯಾಸ್ ಕೂರಲು ತಿಂಗಳು ಬೇಕು. ಸಾಹೇಬರು ಬರುವುದು ಮುಂದಿನ ವಾರ. ಚೆನ್ನಾಗಿ ನಡೆಯುತ್ತಿರುವ ಬೇರೆ ಪ್ಲಾಂಟಿನ ಬಗ್ಗಡ ತಂದು ಸುರಿದರೆ ಬೇಗ ಆಗಬಹುದಂತೆ. “ಆಗಬಹುದು.” ಈ ಪದ ನನಗೆ ಆಗುವುದಿಲ್ಲ.

ಭಾವ ಅಜ್ಜಿಗೆ ವಿವರಿಸಿದರು. ಅಜ್ಜಿ, “ಅಂಗನ್ನು! ಹಾಲಿಗೆ ಹೆಪ್ಪು ಆಕ್ದಂಗೆ.”

“ಅಂಗೇ ಅಜ್ಜಿ.”

“ಎಲ್ಲದೆ ಹೆಪ್ಪು?”

“ಶ್ರೀರಂಗಪಟ್ಣದ ಅತ್ರ, ಕರಿಘಟ್ಟದ ಕೆಳ್ಗೆ. ಟ್ರೈನಿಂಗಲ್ಲಿ ಕಟ್ಟಿದ್ ಪ್ಲಾಂಟು. ಆದ್ರೆ ಡ್ರಮ್ಮಲ್ಲಿ ತರ್ಬೇಕು, ಮೊಪೆಡ್ಡಲ್ಲಿ...”

ಜಗಲಿಯಿಂದ ಅಪ್ಪ ಎದ್ದರು. ಕೊಟ್ಟಿಗೆ ಕಡೆ ಹೋದರು. ಟ್ರಾಕ್ಟರ್ ಸ್ಟಾರ್ಟ್ ಆದ ಸದ್ದು.

“ಏನ್ ನೋಡ್ತಾ ನಿಂತಿದೀಯಪ್ಪ? ಟ್ರಾಕ್ಟರ್ ಅತ್ತು. ಕತ್ಲಾಗಕ್ ಮುಂಚೆ ಬರ್ಬೇಕು.”

ಬೇಲಿ ಆಚೆ ಕನಕರಾಜಣ್ಣ: “ಹೊನ್ನಪ್ಪಣ್ಣ, ಎತ್ಲಾಗೆ ಸವಾರಿ?”

“ಹೆಪ್ಪು ತರಾಕ್ಕೆ,” ಅಂದರು ಅಪ್ಪ, ಗಂಭೀರವಾಗಿ.

ಸಂಜೆ ವಾಪಸ್ಸು. ಇಬ್ಬರ ಮೈಯೂ ಒಂದೇ ವಾಸನೆ. ಅಜ್ಜಿ ಇಬ್ಬರನ್ನೂ ಹಿತ್ತಲಲ್ಲೇ ನಿಲ್ಲಿಸಿ ನೀರು ಹೊಯ್ದರು.

೧೦-೫

ಮೊದಲಿಂದ ಬರೆಯುತ್ತೇನೆ.

ನಿನ್ನೆಯವರೆಗೆ ಏನೂ ಇರಲಿಲ್ಲ. ಬೆಳಿಗ್ಗೆ ಭಾವ ನೋಡಿಯೂ ಇಲ್ಲ. ಹೆದರಿಕೆ. ಸಾಹೇಬರು ಜೀಪಿನಲ್ಲಿ ಬಂದರು, ಬಿಳಿ ಮೀಸೆ, ಕೊರಳಲ್ಲಿ ಟವೆಲ್. ಭಾವ ಮೊದಲೇ ಫಿನಾಯಿಲ್ ಕಥೆಯೆಲ್ಲ ಹೇಳಿಬಿಟ್ಟರು. ನಾನಾಗಿದ್ದರೆ ಮುಚ್ಚಿಡುತ್ತಿದ್ದೆ. ಸಾಹೇಬರು ನಗಲೂ ಇಲ್ಲ, ಗದರಲೂ ಇಲ್ಲ. “ಹಚ್ಚಿ ನೋಡೋಣ” ಅಷ್ಟೇ.

ಮೊದಲ ಕಡ್ಡಿ — ಇಲ್ಲ. ಎರಡನೆಯದು — ಇಲ್ಲ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಭಾವ ವಾಲ್ವ್ ಇನ್ನೊಂದು ಸುತ್ತು ತಿರುಗಿಸಿ, ಮೂರನೆಯದು ಗೀರಿದರು. ಭುಗ್ ಅಂತ. ರಿಂಗಿನ ಸುತ್ತಲೂ ನೀಲಿ.

ಅಜ್ಜಿ ಹೋಗಿ, ಚಿನ್ನುವಿನ ನೀರಿನ ಪಾತ್ರೆ ತಂದು ಅದರ ಮೇಲಿಟ್ಟರು. ಭಾವ ಅವರನ್ನೇ ನೋಡಿದರು. “ಏನ್ ನೋಡ್ತೀಯ? ಬಿಸಿ ನೀರು ಬಿಸಿ ನೀರೇ.”

ಸಾಹೇಬರು ಚಾ ಕುಡಿದರು. “ಪ್ಯಾನೆಲ್ಲಿಗೆ ಹೆಸರು ಹಾಕ್ತೀನಿ. ಆ ಫಿನಾಯಿಲ್ ವಿಷ್ಯ ಪ್ರತಿ ಮನೇಲೂ ಹೇಳಿ. ಆದ್ರೆ ನೋಡಿ, ಕೆಲ್ಸ ಇರೋದು ನಾಗಮಂಗಲದ ಕಡೆ. ವರ್ಷ ಹಿಡೀತದೆ. ಅಲ್ಲೇ ಮನೆ ಮಾಡ್ಬೇಕು. ಈ ತಿಂಗಳು ಕಳೆಯೋದ್ರೊಳಗೆ ಹೇಳಿ.”

ಭಾವನ ಮುಖದಲ್ಲಿ ಅರಳಿದ್ದು ಅಲ್ಲೇ ನಿಂತಿತು. “ಮಗು ಇನ್ನೂ...”

ಕೋಣೆ ಬಾಗಿಲ ಹಿಂದಿನಿಂದ ಅಕ್ಕ: “ನಾವೂ ಬತ್ತೀವಿ ಅಂತೇಳಿ.”

“ಐದ್ ತಿಂಗ್ಳು ತುಂಬ್ದೆ ಬಾಣಂತಿ ಹೊಸ್ಲು ದಾಟಂಗಿಲ್ಲ!” ಅಜ್ಜಿ. ಅಪ್ಪ ಅಮ್ಮ ಅವರ ಕಡೆಗೇ. ಆಗಸ್ಟ್‌ವರೆಗೆ ಭಾವ ಒಬ್ಬರೇ ಅಲ್ಲಿ, ಅಥವಾ ಕೆಲಸವೇ ಬೇಡ. ಊಟದ ಹೊತ್ತಿನವರೆಗೂ ಜಗಳ. ಗ್ಯಾಸಿನ ಮೇಲೆ ಮಾಡಿದ ಮೊದಲ ಸಾರು, ಯಾರೂ ರುಚಿ ಹೇಳಲಿಲ್ಲ. ಚೆನ್ನಾಗಿತ್ತು.

೧೨-೫, ಹಾಸ್ಟೆಲ್

ಬಂದೆ. ಹೊರಡುವಾಗಲೂ ತೀರ್ಮಾನ ಆಗಿರಲಿಲ್ಲ. ಅಕ್ಕ ಬಸ್ಸಿನವರೆಗೆ ಬರುವ ಹಾಗಿಲ್ಲ, ಕಿಟಕಿಯಲ್ಲಿ ಚಿನ್ನುವಿನ ಕೈ ಹಿಡಿದು ಆಡಿಸಿದಳು.

ನಾಳಿದ್ದು ಮ್ಯಾಥ್ಸ್. ಏನೂ ನೆನಪಿಲ್ಲ. ಆದರೆ ಕಣ್ಣು ಮುಚ್ಚಿದರೆ ನೀಲಿ ರಿಂಗ್ ಕಾಣುತ್ತದೆ, ಉಸಿರು ಸರಿಯಾಗುತ್ತದೆ.

೮-೬, ಶನಿವಾರ

ಪರೀಕ್ಷೆ ಮುಗಿಯಿತು. ಪಾಸಾಗಬಹುದು. (“ಬಹುದು.”) ವೈವಾ ಒಂದು ಬಾಕಿ, ಅದಕ್ಕೇ ಇನ್ನೂ ಇಲ್ಲೇ.

ಮಧ್ಯಾಹ್ನ ವಾಚ್‌ಮನ್ ಕೂಗಿದ, ವಿಸಿಟರ್. ಗೇಟಿನಲ್ಲಿ ಚಲುವರಾಜು ಭಾವ! ನಾಗಮಂಗಲದ ಕೆಲಸಕ್ಕೆ ಬರ್ನರುಗಳ ಒಂದು ಚೀಲ, ಕಂಕುಳಲ್ಲಿ ಇನ್ನೊಂದು ಪೊಟ್ಟಣ. ಬಿಚ್ಚಿ ತೋರಿಸಿದರು. ಕೊಡೆಯ ಹಾಗೆ ಮಡಚುವ, ಮಗುವಿನ ಸೊಳ್ಳೆಪರದೆ.

“ಇದ್ಯಾಕೆ ಭಾವ?”

“ನಾಗಮಂಗಲದಲ್ಲಿ ಸೊಳ್ಳೆ ಜಾಸ್ತಿ ಕಣಮ್ಮ.”

“ಅಕ್ಕ ಬರ್ತಾಳಾ? ಅಜ್ಜಿ ಬಿಟ್ರಾ?”

“ಬುಡ್ನಿಲ್ಲ.” ನಗು ತಡೆದುಕೊಂಡು, “ಬಾಣಂತಿ ಜೊತೆ ನಾನೂ ಬತ್ತೀನಿ, ಮಗೀಗೆ ನೀರ್ ಎರೆಯೋಳು ನಾನಲ್ವಾ ಅಂದ್ಬುಟ್ರು. ಹಂಡೆನೂ ಲಾರಿಗೆ ಹಾಕ್ಬೇಕಂತೆ.”

ಅಜ್ಜಿ. ತನ್ನ ಮಂಚ ಬಿಟ್ಟು ಎಲ್ಲೂ ಮಲಗದ ಅಜ್ಜಿ.

ಭಾವ ಬಸ್ಸಿಗೆ ಓಡಿದರು. ಯಾವತ್ತು ಹೊರಡುತ್ತಾರೆ ಎಂದು ಕೇಳುವುದೂ ಮರೆತೆ. ಇನ್‌ಲ್ಯಾಂಡ್ ಲೆಟರ್ ಇಲ್ಲ, ಪೋಸ್ಟಾಫೀಸು ಸೋಮವಾರ. ಇಲ್ಲೇ ಬರೆದುಕೊಳ್ಳುತ್ತೇನೆ, ಆಮೇಲೆ ಕಾಪಿ ಮಾಡಿದರಾಯಿತು:

ಅಕ್ಕ,
ವೈವಾ ಇಪ್ಪತ್ತಕ್ಕೆ. ಮುಗಿದ ದಿನವೇ ಹೊರಡುತ್ತೇನೆ. ಅಷ್ಟರೊಳಗೆ ನೀವು ಹೋಗಿರುತ್ತೀರಾ, ಇಲ್ಲವಾ? ಹೋಗಿದ್ದರೆ ನಾನು ಚಿನಕುರಳಿಗೆ ಬರಲಾ, ನಾಗಮಂಗಲಕ್ಕೆ ಬರಲಾ? ಅಲ್ಲಿ ನನಗೆ ಮಲಗಲು ಜಾಗ ಇದೆಯಾ? ಇಲ್ಲದಿದ್ದರೂ ಪರವಾಗಿಲ್ಲ, ಅಜ್ಜಿಯ ಪಕ್ಕದಲ್ಲಿ... ಯಾವ ಬಸ್ಸು, ಎಲ್ಲಿ ಇಳಿಯಬೇಕು, ಅಷ್ಟು ಬರೆದರೆ ಸಾಕು. ಬೇಗ ಉತ್ತರ ಬರಿ.