ಬಣ್ಣದ ಕೆಳಗಿನ ಮುಲಾಮು

ಕೊಪ್ಪಳ
೧೯ ಫೆಬ್ರುವರಿ ೨೦೨೫

ನನ್ನ ಬಂಗಾರ ಹೇಮಾಗೆ ಅವ್ವನ ಆಶೀರ್ವಾದಗಳು.

ಧಾರವಾಡದ ಹಾಸ್ಟೆಲ್ಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದುಕೊಂಡಿದ್ದೇನೆ. ನೀನು ಇಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಸಿಟ್ಟಾಗಬೇಡ. ಫೋನ್ ಕೆನ್ನೆಗೆ ತಾಗಿದರೆ ಚರ್ಮ ಅದಕ್ಕೆ ಅಂಟಿಕೊಂಡು ಕಿತ್ತು ಬರುತ್ತದೆ. ಸ್ಪೀಕರ್ ಹಾಕೋಣವೆಂದರೆ ನಮ್ಮ ಓಣಿಯವರ ಕಿವಿ ಬಹಳ ಚುರುಕು. ಅದಕ್ಕೇ ಈ ಕಾಗದ, ಅದೂ ತಡವಾಗಿ.

ಸಂಕ್ರಾಂತಿಗೆ ಬಂದಾಗ ನೀನು ನೋಡಿಹೋದ ಮುಖ ಈಗಿಲ್ಲ. ನೀನು ಹೋಗಿ ವಾರ ತುಂಬುವುದರೊಳಗೇ ಮತ್ತೆ ಉರಿ ಎದ್ದಿತು. ಹಣೆ, ಕೆನ್ನೆ, ಕುತ್ತಿಗೆಯೆಲ್ಲ ಕೆಂಪಗೆ ಬಾತು ನೀರು ಒಸರುತ್ತಿದೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಹೊಟ್ಟಿನ ಹಾಗೆ ಚರ್ಮ ಉದುರಿರುತ್ತದೆ. ರಾತ್ರಿ ನಿದ್ದೆಯಿಲ್ಲ, ಮಧ್ಯಾಹ್ನ ಒಂದಿಷ್ಟು ಕಣ್ಣು ಹತ್ತಿದರೆ ಹತ್ತಿತು. ಹೋದ ವರ್ಷ ಮುಲಾಮು ಬಿಟ್ಟ ಹೊಸದರಲ್ಲಿಯೂ ಇಷ್ಟು ಸುಟ್ಟಿರಲಿಲ್ಲ.

ನಿನ್ನಪ್ಪ ಹೋದ ಮೇಲೆ ಹೊಟ್ಟೆಪಾಡಿಗೆ ನಾಟಕ ಹಿಡಿದಾಗಿನಿಂದ, ಬಣ್ಣ ಬಳಿಯುವ ಮೊದಲು ಆ ಮುಲಾಮು ತಿಕ್ಕಿಕೊಂಡವಳು ನಾನು. ಊರೂರಿಗೆ ಪಾತ್ರ ಮಾಡಲು ಹೋಗುವ ನಾವೆಲ್ಲರೂ ತಿಕ್ಕಿಕೊಳ್ಳುತ್ತಿದ್ದೆವು. ಬಣ್ಣದ ತುರಿಕೆಯಿಲ್ಲ, ಮುಖ ಬೆಣ್ಣೆ. ಔಷಧದ ಅಂಗಡಿಯವನು ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ, ನಮಗೂ ಅದು ಔಷಧ ಅನ್ನಿಸಿರಲಿಲ್ಲ. ಅದರೊಳಗೆ ಸ್ಟೀರಾಯ್ಡ್ ಇದೆ, ಅದು ಚರ್ಮವನ್ನು ತೆಳ್ಳಗೆ ಮಾಡಿ ತಾನಿಲ್ಲದೆ ಇರಲಾರದ ಹಾಗೆ ಮಾಡಿಬಿಟ್ಟಿದೆ ಎಂದು ಡಾಕ್ಟರಮ್ಮ ಹೇಳಿದ ಮೇಲೆಯೇ ತಿಳಿದದ್ದು.

ಅಳವಂಡಿಯ ನಾಟಕದ ಆಸೆಯಿತ್ತಲ್ಲ, ಅದೂ ಹೋಯಿತು. ನೀನಿದ್ದಾಗ ಮುಖ ತಿಳಿಯಾದದ್ದನ್ನು ನೋಡಿ ನಾಟಕ ಕಲಿಸುವ ಪೇಟಿ ಮಾಸ್ತರ ವಿರುಪಣ್ಣನವರು ನಾಯಕಿಯ ಪಾತ್ರ ನನಗೇ ಎಂದಿದ್ದರು. ಮೊನ್ನೆ ಬಂದವರು ಬಾಗಿಲಲ್ಲೇ ನಿಂತರು.

"ಒಂದ ರಾತ್ರಿ ಹಚ್ಚಿಕೋ ಶೈಲಾ. ಪರದೆ ಬಿದ್ದ ಮ್ಯಾಲ ತೊಳಕೊಂಡ್ರ ಆತು."

"ತೊಳಕೊಂಡ್ರ ಹೋಗೂದಾಗಿದ್ರ ನಾ ಇಷ್ಟ ದಿನ ಯಾಕ ಸಾಯತಿದ್ನಿರಿ ಮಾಸ್ತರ? ಗದಗಿನಾಕಿನ್ನ ಕರಸ್ರಿ."

ಆ ಗದಗಿನ ನಟಿಯನ್ನು ಕರೆಸಿಯೇಬಿಟ್ಟರು. ನಾನು ಹೇಳಿದ್ದು ಸಿಟ್ಟಿನಲ್ಲಿ, ಅವರು ಒಪ್ಪಿಕೊಂಡದ್ದು ಖುಷಿಯಲ್ಲಿ. ಅವರು ಹೋದ ಮೇಲೆ ಅತ್ತುಬಿಟ್ಟೆ. ಕಣ್ಣೀರು ಕೆನ್ನೆಗಿಳಿದರೆ ಉಪ್ಪು ಸುರುವಿದಂತೆ ಉರಿಯುತ್ತದೆ, ಅದಕ್ಕೇ ಬಗ್ಗಿ ನೆಲಕ್ಕೆ ಬೀಳುವಂತೆ ಅಳಬೇಕು.

ಪಕ್ಕದ ಮನೆಯ ಪಕೀರಮ್ಮ ದಿನಾ ಮಜ್ಜಿಗೆ ತರುತ್ತಾಳೆ. ಮೊದಲು ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಈಗ ಚರಿಗೆಯನ್ನು ಹೊಸ್ತಿಲ ಮೇಲಿಟ್ಟು ಕೂಗಿ ಹೋಗುತ್ತಾಳೆ.

"ಇದು ಹತ್ತೂ ರೋಗ ಅಲ್ಲ ಪಕೀರಮ್ಮಾ" ಅಂದೆ.

"ನನಗ ಗೊತ್ತೈತವಾ, ಆದ್ರ ಮನ್ಯಾಗ ಸಣ್ಣ ಕೂಸೈತಿ" ಅಂದಳು.

ಮಜ್ಜಿಗೆ ಕುಡಿದು ಚರಿಗೆ ತೊಳೆದು ಹೊಸ್ತಿಲ ಮೇಲೆಯೇ ಇಟ್ಟೆ.

ಡಾಕ್ಟರಮ್ಮ ಮಾತ್ರ ನನ್ನನ್ನು ನೋಡಿದ ಕೂಡಲೇ ಸಿಡುಕಿದರು. "ಮತ್ತ ಅದನ್ನ ಹಚ್ಚೀರಿ, ಹೌದಿಲ್ಲೋ? ನಡುವ ಹಚ್ಚಿ ಬಿಟ್ಟಿದ್ದಕ್ಕ ಹಿಂಗ ಎದ್ದೈತಿ. ಇಷ್ಟ ದಿನ ತಡಕೊಂಡಿದ್ದೆಲ್ಲಾ ನೀರಾಗ ಹೋತು, ಇನ್ನ ಮೊದಲಿಂದ ಸುರು."

"ನಾ ಕೈಲೆ ಮುಟ್ಟಿಲ್ಲರಿ" ಅಂದೆ. ಅವರು ನಂಬಲಿಲ್ಲ.

ಇರಲಿ. ಪರೀಕ್ಷೆ ಚೆನ್ನಾಗಿ ಬರೆ. ನಿನ್ನ ಹೊಟ್ಟೆ ತುಂಬಿರಲಿ, ಮುಖದ ಮೇಲಿನ ನಗು ಮಾಸದಿರಲಿ, ಗವಿಸಿದ್ದೇಶ್ವರ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ
ಶೈಲಶ್ರೀ

ತಾ.ಕ.: ಜೋಳದ ಡಬ್ಬಿಯ ಹಿಂದೆ ನೀನು ಬಚ್ಚಿಟ್ಟಿದ್ದ ಟ್ಯೂಬನ್ನು ಒಲೆಗೆ ಹಾಕಿದೆ. ನನ್ನ ನರಳಾಟ ನೋಡಲಾರದೆ ಹಚ್ಚಿದ್ದೀ, ನಿನ್ನ ಮೇಲೆ ಸಿಟ್ಟಿಲ್ಲ. ಮಧ್ಯಾಹ್ನ ನನಗೆ ಕಣ್ಣು ಹತ್ತಿದೆಯೆಂದು ತಿಳಿದು ಹಚ್ಚುತ್ತಿದ್ದೆಯಲ್ಲ, ಮೊದಲ ದಿನವೇ ನನಗೆ ಎಚ್ಚರವಾಗಿತ್ತು. ಆ ಮುಲಾಮಿನ ವಾಸನೆ ನನಗೆ ತಿಳಿಯದೇ? ನಿನ್ನ ಕೈ ತಳ್ಳಬೇಕೆಂದುಕೊಂಡೆ. ಆದರೆ ಒಂದು ವರ್ಷದಿಂದ ಈ ಮುಖವನ್ನು ಯಾರೂ ಮುಟ್ಟಿರಲಿಲ್ಲ ಹೇಮಾ. ಆಮೇಲೆ ದಿನಾ ಕಣ್ಣು ಮುಚ್ಚಿಕೊಂಡು ನಿನ್ನ ಕೈಗಾಗಿ ಕಾಯುತ್ತ ಮಲಗಿದೆ. ರಜೆಗೆ ಬಂದಾಗ ಬರೀ ಕೈ ಇಡು. ಉರಿದರೂ ಇಡು.